ಲ್ಯಾಬಿನ ಮುಯ್ಯಿ

ಹೋದ ವಾರ ಹುಕ್ಕೇರಿಯಿಂದ ಗೋಕಾಕಿಗೆ ಬಸ್ಸಿನಲ್ಲಿ ಹೊರಟಿದ್ದೆ. ಘಟಪ್ರಭಾ ಊರು ಇನ್ನೇನು ಬಂತು ಅನ್ನುವಾಗ ಯಾರೋ ರಸ್ತೆಯ ಅರ್ಧಕ್ಕೆ ಸೋಯಾಬೀನ್ ಹರವಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಡ್ರೈವರ್ ಬೈಯುತ್ತಲೇ ಅದರ ಮೇಲೆ ಬಸ್ಸು ಓಡಿಸಿದ. ಗಾಲಿಗೆ ಸಿಕ್ಕು ಸಿಪ್ಪೆ ಒಡೆದು, ಧೂಳೆಲ್ಲ ಕಿಟಕಿಯಿಂದ ಒಳಗೆ ಬಂತು. ಪಕ್ಕದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ದೀರ್ಘವಾಗಿ ಉಸಿರೆಳೆದುಕೊಂಡೆ. ಒಣಗಿದ ಸೋಯಾದ ಆ ವಾಸನೆಗೆ ಉಳಿದವರಿಗೆ ಹೊಲ ನೆನಪಾಗುತ್ತದೆ. ನನಗೆ ನೆನಪಾಗುವುದು ಗೋಕಾಕಿನ ಒಂದು ರಕ್ತ ತಪಾಸಣೆಯ ಲ್ಯಾಬು, ಮತ್ತು ಅಲ್ಲಿ ನಾನು ಕಳೆದ ಒಂದು ಮಳೆಗಾಲ.

ಆ ವರ್ಷ ನಾನು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾದ ಕೊನೆಯ ಹಂತದಲ್ಲಿದ್ದೆ. ಮಳೆಗಾಲ ಹಿಡಿಯುತ್ತಿದ್ದಂತೆ ಕಾಲೇಜಿನವರು ನಮ್ಮನ್ನೆಲ್ಲ ಬೇರೆ ಬೇರೆ ಲ್ಯಾಬುಗಳಿಗೆ ಹಂಚಿದರು. ದಸರೆ ಮುಗಿದ ಮೇಲೆ ಪ್ರಾಕ್ಟಿಕಲ್ ಪರೀಕ್ಷೆ. ಅಲ್ಲಿ ಪರೀಕ್ಷಕರು ಒಂದು ಸ್ಲೈಡ್ ಕೊಡುತ್ತಾರೆ, ಸೂಕ್ಷ್ಮದರ್ಶಕದಲ್ಲಿ ನೋಡಿ ರಕ್ತದ ಕಣಗಳನ್ನು ಗುರುತಿಸಿ ಹೇಳಬೇಕು. ಹೇಳಲು ಬಾರದಿದ್ದರೆ ಉಳಿದದ್ದೆಲ್ಲ ಬಂದೂ ಪ್ರಯೋಜನವಿಲ್ಲ. ಅದನ್ನು ಕಲಿಯುವುದಕ್ಕೆಂದೇ ಈ ತರಬೇತಿ. ಲ್ಯಾಬಿನವರು ತರಬೇತಿ ಮುಗಿಸಿದ್ದಾಳೆ ಎಂದು ಸಹಿ ಮಾಡಿಕೊಡದಿದ್ದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಆದ್ದರಿಂದ ಕಾಲೇಜು ಬಿಡುವ ದಿನ ನಮಗೆ ಸಿಕ್ಕ ಬುದ್ಧಿಮಾತು ಒಂದೇ: ಏನೇ ಹೇಳಿದರೂ ಹೂಂ ಅನ್ನಿರಿ.

ನನಗೆ ಸಿಕ್ಕಿದ್ದು ಬಸ್ ನಿಲ್ದಾಣದ ಹಿಂದಿನ ಓಣಿಯ ಮಗದುಮ್ ಸರ್ ಅವರ ಲ್ಯಾಬು. ನನ್ನ ಜೊತೆಗೆ ಮುದಲಗಿಯ ಶಿವಲೀಲಾ. ನಾನು ಮಮದಾಪುರದಿಂದ ಬರುತ್ತಿದ್ದೆ, ಅವಳು ಅತ್ತಲಿಂದ. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಗಿತ್ತು. "ಬಸ್ಸೂ ಪುಕ್ಕಟೆ, ನಾವೂ ಪುಕ್ಕಟೆ" ಎಂದು ಮೊದಲ ವಾರವೇ ಶಿವಲೀಲಾ ನಕ್ಕಿದ್ದಳು. ಆಗ ಅದು ನಗುವ ಮಾತೇ ಆಗಿತ್ತು.

ಆ ವರ್ಷ ಮಳೆ ಬಿಡದೆ ಹಿಡಿಯಿತು. ಘಟಪ್ರಭಾ ಹೊಳೆ ಕೆಂಪಗೆ ಉಬ್ಬಿತು, ಊರ ತುಂಬ ನೀರು ನಿಂತಿತು, ಸೊಳ್ಳೆ ಎದ್ದವು, ಹಿಂದೆಯೇ ಜ್ವರವೂ ಬಂತು. ಲ್ಯಾಬಿನ ಬೆಂಚುಗಳು ಸಾಲದೆ ಜನ ಮೆಟ್ಟಿಲ ಮೇಲೆ, ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೊಡೆ ಹಿಡಿದು ಕೂರುತ್ತಿದ್ದರು. ನಾವಿಬ್ಬರೂ ಬೆಳಿಗ್ಗೆಯಿಂದ ರಕ್ತ ತೆಗೆಯುತ್ತಿದ್ದೆವು. ಆಮೇಲೆ ಟ್ಯೂಬು ತೊಳೆಯುವುದು, ನೆಲ ಒರೆಸುವುದು, ಚಹಾ ತರುವುದು, ರಿಪೋರ್ಟುಗಳನ್ನು ವಾಟ್ಸಾಪಿಗೆ ಹಾಕುವುದು. ಮಧ್ಯಾಹ್ನ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಕೊಣ್ಣೂರಿಗೋ ಇನ್ನೊಂದು ಊರಿಗೋ ಹೋಗಿ ಅಲ್ಲಿಯ ದವಾಖಾನೆಗಳಿಂದ ರಕ್ತದ ಟ್ಯೂಬು ತರುವುದು. ನಿಂತೇ ಊಟ. ಮಳೆಯಲ್ಲಿ ಡಬ್ಬಿ ನೆನೆಯಬಾರದೆಂದು ನನ್ನ ಓಢಣಿಯನ್ನು ಅದಕ್ಕೆ ಹೊದಿಸಿ ನಾನು ನೆನೆದ ದಿನಗಳೇ ಹೆಚ್ಚು.

ಸೂಕ್ಷ್ಮದರ್ಶಕ ಮಾತ್ರ ಸರ್ ಅವರದು. ಅದರ ಮುಂದೆ ಅವರು ಕೂತರೆ ನಾವು ಹಿಂದೆ ನಿಂತು ಅವರ ಕುತ್ತಿಗೆ ನೋಡುತ್ತಿದ್ದೆವು. ನಮಗೂ ತೋರಿಸಿರಿ ಎಂದು ಇಬ್ಬರೂ ಧೈರ್ಯ ಮಾಡಿ ಒಮ್ಮೆ ಕೇಳಿದೆವು. ಗದ್ದಲ ಕಡಿಮೆಯಾಗಲಿ, ನೋಡೋಣ ಎಂದರು. ಗದ್ದಲ ಕಡಿಮೆಯಾಗಲಿಲ್ಲ. ಇನ್ನೊಮ್ಮೆ ಕೇಳಿದಾಗ, ತಾವೂ ಮಿರಜಿನಲ್ಲಿ ಹೀಗೇ ಟ್ಯೂಬು ತೊಳೆಯುತ್ತ ಕಲಿತವರು, ಅವಸರ ಮಾಡಿದರೆ ವಿದ್ಯೆ ಬರುವುದಿಲ್ಲ ಎಂದರು. ಸರ್ ಕೆಟ್ಟವರಲ್ಲ. ಬಡವರ ಹತ್ತಿರ ಅರ್ಧ ದುಡ್ಡು ಬಿಡುತ್ತಿದ್ದರು, ನಮಗೆ ಏರುದನಿಯಲ್ಲಿ ಮಾತಾಡಿದವರೂ ಅಲ್ಲ. ತಮಗೆ ಆದದ್ದೇ ನಮಗೂ ಆಗಬೇಕು ಎಂದು ಮನಃಪೂರ್ವಕ ನಂಬಿದ್ದರು, ಅಷ್ಟೆ. ನನಗೆ ಸಿಟ್ಟು ಬರುತ್ತಿದ್ದದ್ದು ಅದಕ್ಕೇ. ಕೆಟ್ಟವರಾಗಿದ್ದರೆ ಬೈದುಕೊಳ್ಳುವುದಾದರೂ ಸುಲಭವಾಗುತ್ತಿತ್ತು.

ಶಿವಲೀಲಾಳ ಕೈ ನನ್ನದಕ್ಕಿಂತ ಹಗುರ. ಅವಳು ಸೂಜಿ ಹಾಕಿದರೆ ಮಕ್ಕಳು ಅಳುವುದನ್ನು ಮರೆತು ಅವಳ ಮುಖ ನೋಡುತ್ತಿದ್ದವು. ಅಂಥವಳು ಶ್ರಾವಣದಲ್ಲಿ ಒಂದು ದಿನ ಬರಲಿಲ್ಲ. ಮರುದಿನವೂ ಇಲ್ಲ. ಫೋನ್ ಮಾಡಿದರೆ, ಇನ್ನು ಬರುವುದಿಲ್ಲ ಎಂದಳು. ಅವಳ ತಾಯಿ ಕೂಲಿಯವಳು. ಮಗಳು ಕೈಗೆ ಬಂದಳು, ಇಬ್ಬರೂ ದುಡಿದರೆ ಮನೆ ನಡೆಯುತ್ತದೆ ಎಂದು ನೆಚ್ಚಿಕೊಂಡಿದ್ದಳು. ಅಂಥ ಮನೆಯಿಂದ ದಿನಾ ಒಂದು ಕೂಲಿ ಕಳೆದು ಮಗಳು ಗೋಕಾಕಿಗೆ ನೆಲ ಒರೆಸಲು ಬರಬೇಕಾಗಿತ್ತು. ಏನಾದರೂ ಕಲಿಯುತ್ತಿದ್ದರೆ ತಾಯಿಯ ಮುಂದೆ ಹೇಳುವುದಕ್ಕೊಂದು ಮಾತಿರುತ್ತಿತ್ತು ಎಂದಳು ಶಿವಲೀಲಾ. ಪರೀಕ್ಷೆ ಎಂದೆ. ಮೈಕ್ರೋಸ್ಕೋಪಿನ ಹಿಂದೆ ನಿಂತವರು ಪಾಸಾಗುತ್ತಾರೆಯೇ ಎಂದು ಕೇಳಿದಳು. ಸರ್ ಒಂದು ದಿನ ಬೇಜಾರು ಮಾಡಿಕೊಂಡು, ಅವಳ ಕೆಲಸವನ್ನೂ ನನಗೆ ಹಚ್ಚಿದರು.

ಇನ್ನು ನಮ್ಮ ಅಮ್ಮನ ವಿಷಯ. ಅಪ್ಪ ಸಿದ್ಧ ಉಡುಪಿನ ಗಂಟು ಹೊತ್ತು ಸಂತೆಯಿಂದ ಸಂತೆಗೆ, ಇವತ್ತು ಮುದಲಗಿ ನಾಳೆ ಹುಕ್ಕೇರಿ ಎಂದು ತಿರುಗುವವರು. ಹಾಗಾಗಿ ಮಮದಾಪುರದ ತುಂಡು ಹೊಲ ಪೂರ್ತಿ ಅಮ್ಮನ ಕೈಯಲ್ಲಿತ್ತು. ಹೊಲ ಸಣ್ಣದಾದವರು ಆಳು ಹಚ್ಚುವುದಿಲ್ಲ, ಮುಯ್ಯಿ ಮಾಡುತ್ತಾರೆ. ಮುಯ್ಯಿ ಎಂದರೆ ಇವತ್ತು ನಾನು ನಿನ್ನ ಹೊಲದ ಕಸ ತೆಗೆಯುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಕೂಲಿಯ ಮಾತಿಲ್ಲ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಜ್ವರ ಬಂದರೆ ಮಗಳನ್ನು ಕಳಿಸಬಹುದು, ಸೊಸೆಯನ್ನು ಕಳಿಸಬಹುದು, ಕಳಿಸದೆ ಇರುವ ಹಾಗಿಲ್ಲ. ಮುಯ್ಯಿ ತಪ್ಪಿಸಿದವರ ಹೊಲಕ್ಕೆ ಮರುವರ್ಷ ಯಾರೂ ಕಾಲಿಡುವುದಿಲ್ಲ.

ಲ್ಯಾಬಿಗೆ ಸೇರಿದ ಹೊಸತರಲ್ಲಿ ಅಮ್ಮ ರೊಟ್ಟಿ ಬಡಿಯುತ್ತ, ಪಗಾರ ಎಷ್ಟು ಎಂದು ಕೇಳಿದ್ದರು. ಇಲ್ಲ ಎಂದೆ. ಮತ್ಯಾಕೆ ಹೋಗುತ್ತೀ ಎಂದರು. ನಾನು ಅವರ ಕೆಲಸ ಮಾಡುತ್ತೇನೆ, ಅವರು ನನಗೆ ಕಲಿಸುತ್ತಾರೆ ಎಂದೆ. ಅಮ್ಮ ರೊಟ್ಟಿ ತಿರುವಿ ಹಾಕಿ ಸ್ವಲ್ಪ ಯೋಚಿಸಿ, ಹಾಗಾದರೆ ಮುಯ್ಯಿ ಅನ್ನು ಎಂದರು. ಮನೆಯಲ್ಲಿ ನಾವು ಆಡುವುದು ಉರ್ದು, ಆದರೆ ಮುಯ್ಯಿಗೆ ಉರ್ದುವಿನಲ್ಲೂ ಮುಯ್ಯಿಯೇ. ಇಂಟರ್ನ್‌ಶಿಪ್ ಎಂದರೇನೆಂದು ಬಿಡಿಸಿ ಹೇಳುವಷ್ಟು ತ್ರಾಣ ಆ ಸಂಜೆ ನನ್ನಲ್ಲಿ ಇರಲಿಲ್ಲ. ಹೂಂ ಎಂದು ಉಣ್ಣಲು ಕೂತೆ. ಆ ಹೂಂ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತಿದ್ದರೆ ಬಿಡಿಸಿ ಹೇಳುತ್ತಿದ್ದೆನೋ ಏನೋ. ಹೇಳದ್ದೇ ಒಳ್ಳೆಯದಾಯಿತು.

ಮಳೆ ಹಿಂದಾಗಿ ಸೋಯಾ ಹಣ್ಣಾಯಿತು. ಎಲೆ ಉದುರಿ ಕಾಯಿ ಕಂದಾದ ಮೇಲೆ ಸೋಯಾ ಕಾಯುವುದಿಲ್ಲ. ಬಿಸಿಲು ಬಿದ್ದರೆ ಕಾಯಿ ತಾನೇ ಸಿಡಿದು ಕಾಳು ಮಣ್ಣು ಸೇರುತ್ತದೆ. ಊರಿನ ಎಲ್ಲ ಹೊಲಗಳೂ ಒಂದೇ ಸಲಕ್ಕೆ ಕೊಯ್ಲಿಗೆ ಬಂದು ಆಳುಗಳ ಎಳೆದಾಟ ಶುರುವಾಯಿತು. ಅಮ್ಮ ಬೆರಳು ಮಡಚಿ, ತನಗೆ ಮುಯ್ಯಿ ಬರಬೇಕಾದವರು ಯಾರು ಯಾರು ಎಂದು ಲೆಕ್ಕ ಹಾಕಿದರು. ಗಂಗವ್ವ, ಅವಳ ಸೊಸೆ, ಆಚೆ ಮನೆಯ ಬೀಬಿ. ಆಮೇಲೆ ನನ್ನ ಕಡೆ ನೋಡಿದರು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ.

ಮರುದಿನ ಮಧ್ಯಾಹ್ನ ಲ್ಯಾಬು ಜನರಿಂದ ಗಿಜಿಗುಡುತ್ತಿತ್ತು. ನಾನು ರಕ್ತ ತೆಗೆಯಲು ಒಬ್ಬರ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ. ಬಾಗಿಲಲ್ಲಿ ಅಮ್ಮ ಚಪ್ಪಲಿ ಬಿಡುತ್ತಿರುವುದು ಕಂಡು ಮನೆಯಲ್ಲಿ ಯಾರಿಗೋ ಏನೋ ಆಯಿತೆಂದುಕೊಂಡೆ. ಅಮ್ಮ ನನ್ನ ಕಡೆ ನೋಡದೆ ನೇರ ಸರ್ ಮೇಜಿನ ಮುಂದೆ ಹೋಗಿ ನಿಂತರು. ಸರ್ ಎದ್ದು, ಬರ್ರಿ ಚಾಚಿ, ಕೂಡ್ರಿ ಎಂದರು. ಅಮ್ಮ ಕೂರಲಿಲ್ಲ.

"ನಮ್ಮ ಹುಡುಗಿ ನಿಮ್ಮಲ್ಲೆ ಮುಯ್ಯಿಗೆ ಬರಾಕತ್ತು ಬಾಳ ದಿನಾತ್ರಿ ಸಾಹೇಬ್ರ. ನಮ್ಮ ಸೋಯಾ ಕೊಯ್ಯಾಕ ಬಂದೈತಿ. ಒಂದಾಳು ಕಳಸ್ರಿ."

ಸರ್‌ಗೆ ಮೊದಲು ತಿಳಿಯಲೇ ಇಲ್ಲ. ನನಗೆ ತಿಳಿದು ನೆಲ ಬಾಯಿ ಬಿಡಬಾರದೇ ಅನಿಸಿತು. ಪಟ್ಟಿಯನ್ನು ಅಷ್ಟಕ್ಕೇ ಬಿಟ್ಟು ಓಡಿ ಅಮ್ಮನ ತೋಳು ಹಿಡಿದೆ. ಹೊರಗೆ ಬಾ, ಹೇಳುತ್ತೇನೆ ಎಂದು ಉರ್ದುವಿನಲ್ಲಿ ಗೋಗರೆದೆ. ಅಮ್ಮ ತೋಳು ಬಿಡಿಸಿಕೊಂಡು, ಇದರಲ್ಲಿ ನಾಚಿಕೆಪಡುವುದೇನಿದೆ ಎಂದು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಕೇಳಿದರು. ಬೆಂಚಿನ ಮೇಲಿದ್ದ ಹುಡುಗರು ಮುಸಿಮುಸಿ ನಕ್ಕರು. ಆದರೆ ರುಮಾಲಿನ ಮುದುಕರೊಬ್ಬರು ನಗಲಿಲ್ಲ. ಜ್ವರದಲ್ಲಿ ನಡುಗುತ್ತಿದ್ದವರು ತಲೆ ಎತ್ತಿ ಸರ್ ಅವರನ್ನೇ ನೋಡಿ, ಮುಯ್ಯಿ ತೀರಿಸದೆ ಇಟ್ಟುಕೊಂಡು ಕೂತಿದ್ದೀರಾ, ಯಾವ ಊರಿನವರು ನೀವು ಎಂದು ವಿಚಾರಿಸಿದರು. ಸರ್ ಸಣ್ಣ ದನಿಯಲ್ಲಿ, ಕಣಗಲಾ ಎಂದರು. ಕಣಗಲಾದಲ್ಲಿ ಮುಯ್ಯಿ ಇಲ್ಲವೇ ಎಂದರು ಮುದುಕರು. ನಗುತ್ತಿದ್ದ ಹುಡುಗರೂ ಸರ್ ಕಡೆ ತಿರುಗಿದರು.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಇದು ಮುಯ್ಯಿ ಅಲ್ಲ, ಟ್ರೇನಿಂಗ್ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳುತ್ತಾರೆಂದು ನಾನು ಕಾಯುತ್ತ ನಿಂತೆ. ಅವರು ಹೇಳಿದ್ದು ಬೇರೆ.

"ಮುಯ್ಯಿ ತಪ್ಪಿಸೇನಿ ಅಂತ ನಮ್ಮವ್ವಗ ಗೊತ್ತಾದ್ರ ನನ್ನ ಮನಿಯೊಳಗ ಕರಕೊಳ್ಳಾಂಗಿಲ್ಲ. ಐತವಾರ ಬರ್ತೇನ್ರಿ ಚಾಚಿ."

ಅಮ್ಮ ತಲೆಯಾಡಿಸಿ, ಮುಂಜಾನೆ ಬೇಗ ಬನ್ನಿ ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟೇಹೋದರು. ನಾನು ಅಳುವುದೋ ನಗುವುದೋ ತಿಳಿಯದೆ ಆ ತೋಳಿನ ಪಟ್ಟಿ ಪೂರ್ತಿ ಕಟ್ಟಿದೆ.

ಸಂಜೆಗೆ ಜನ ಕರಗಿದರು. ಇವತ್ತು ನನ್ನ ತರಬೇತಿ ಮುಗಿಯಿತು, ಸಹಿಯೂ ಹೋಯಿತು ಎಂದುಕೊಂಡು ಟ್ಯೂಬು ತೊಳೆಯುತ್ತಿದ್ದೆ. ಸರ್ ಬಂದು ಪಕ್ಕದಲ್ಲಿ ನಿಂತು, ಇಷ್ಟು ದಿನದಲ್ಲಿ ನಿನಗೆ ಏನೇನು ಕಲಿಸಿದ್ದೇನೆ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೂಂ ಅನ್ನುವ ವಿದ್ಯೆಯನ್ನು ಕಾಲೇಜು ಕಲಿಸಿತ್ತಲ್ಲ, ಎಲ್ಲ ಕಲಿಸಿದ್ದೀರಿ ಎನ್ನಬಹುದಿತ್ತು. ಹಾಳು ಬಾಯಿ ತಡೆಯಲಿಲ್ಲ.

"ರಸ್ತಾ ಕಲಿಸೀರಿ ಸರ್. ಯಾವ ಊರಿಗೆ ಯಾವ ಬಸ್ಸು ಅಂತ ಎಲ್ಲಾ ಬರ್ತೈತಿ ನನಗ."

ಅವರು ನಲ್ಲಿ ಬಂದ್ ಮಾಡಿ, ಕೈ ಒರೆಸಿಕೊಂಡು ಬಾ ಎಂದರು. ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದರು. ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಮಸೂರ ಇಳಿಸಿ, ತಿರುಪು ತಿರುಗಿಸುವುದನ್ನು ನನ್ನ ಬೆರಳಿಗೇ ಬಿಟ್ಟರು. ಮೊದಲು ಮಸುಕು. ಆಮೇಲೆ ಒಮ್ಮೆಲೇ ಗುಲಾಬಿ ಬಣ್ಣದ ಅಂಗಳ ತೆರೆದು, ನಡುನಡುವೆ ನೇರಳೆ ಹಣ್ಣಿನಂಥ ಕಣಗಳು ಕಂಡವು. ಪುಸ್ತಕದಲ್ಲಿ ನೋಡಿ ನೋಡಿ ಬಾಯಿಪಾಠವಾಗಿದ್ದವು, ಆದರೂ ಕಣ್ಣು ತುಂಬಿ ಬಂತು. ಇಷ್ಟು ದಿನ ಇವೆಲ್ಲ ನನ್ನಿಂದ ಒಂದು ಮಾರು ದೂರದಲ್ಲೇ ಇದ್ದವಲ್ಲ ಎಂದು ಹೊಟ್ಟೆ ಉರಿಯಿತು. ಸರ್ ಒಂದೊಂದನ್ನೇ ಹೆಸರು ಹಿಡಿದು ತೋರಿಸಿದರು. ಕಲಿಸಲು ಕೂತರೆ ಅವರಂಥ ಮೇಷ್ಟ್ರು ನಮ್ಮ ಕಾಲೇಜಿನಲ್ಲೂ ಇರಲಿಲ್ಲ ಎಂಬುದು ಆವತ್ತು ಗೊತ್ತಾಯಿತು. ಅಂದಿನಿಂದ ದಿನಾ ಸಂಜೆಯ ಹೊತ್ತು ನನ್ನದಾಯಿತು. ಐಸ್ ಡಬ್ಬಿ ತರಲು ಬೇರೆ ಒಬ್ಬರನ್ನು ಪಗಾರ ಕೊಟ್ಟು ಇಟ್ಟುಕೊಂಡರು.

ಭಾನುವಾರ ಸರ್ ಖರೇನೇ ಬಂದರು. ಬೇಗ ಬನ್ನಿ ಎಂದಿದ್ದರೂ ಬಂದದ್ದು ಬಿಸಿಲೇರಿದ ಮೇಲೆ, ಬಿಳಿ ಬೂಟು ಹಾಕಿಕೊಂಡು. ಸೋಯಾ ಕೊಯ್ಯುವುದು ಇಬ್ಬನಿ ಇರುವಾಗ. ಬಿಸಿಲಲ್ಲಿ ಬುಡ ಅಲುಗಿಸಿದರೆ ಕಾಯಿ ಪಟಪಟ ಒಡೆಯುತ್ತದೆ. ಸರ್ ಕೈಗೆ ಕುಡಗೋಲು ಬಂದದ್ದೇ ತಡ, ಅವರ ಸಾಲಿನಲ್ಲಿ ಕಾಳು ಸಿಡಿಯತೊಡಗಿದವು. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು, ಇವರನ್ನು ಮುಯ್ಯಿಗೆ ಕರೆದವರು ಯಾರು, ಕೊಯ್ಯಲು ಬಂದಿದ್ದಾರೋ ಬಿತ್ತಲು ಬಂದಿದ್ದಾರೋ ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸರ್ ಎಲ್ಲರಿಗಿಂತ ಜೋರಾಗಿ ನಕ್ಕರು. ಕಣಗಲಾದ ಹೊಲ ಬಿಟ್ಟು ಹಾಸ್ಟೆಲ್ ಸೇರಿದ ಮೇಲೆ ಕುಡಗೋಲು ಹಿಡಿದದ್ದು ಇದೇ ಮೊದಲು ಎಂದರು. ಆದರೂ ಬಿಟ್ಟುಹೋಗಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಸಾಲು ಮುಗಿಸಿದರು. ಕೊನೆಯ ತುಂಡನ್ನು ಗಂಗವ್ವನ ಸೊಸೆ ಎದುರಿನಿಂದ ಕೊಯ್ದುಕೊಂಡು ಬಂದು ಕೂಡಿಸಿದಳು. ಹಿಂದೆ ಬಿದ್ದವರಿಗೆ ಹಾಗೆ ಮಾಡುವುದು ಹೊಲದ ಪದ್ಧತಿ.

ಮಧ್ಯಾಹ್ನ ಬೇವಿನ ನೆರಳಲ್ಲಿ ಎಲ್ಲರೂ ರೊಟ್ಟಿ ಬಿಚ್ಚಿದೆವು. ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಸರ್ ಬೊಬ್ಬೆಯ ಕೈಯಲ್ಲಿ ರೊಟ್ಟಿ ಮುರಿಯುತ್ತ, ಈಗ ನಮ್ಮ ಮುಯ್ಯಿ ತೀರಿತಲ್ಲ ಚಾಚಿ ಎಂದು ಹೆಮ್ಮೆಯಿಂದ ಕೇಳಿದರು. ಅಮ್ಮ ಅವರ ಎಲೆಗೆ ಇನ್ನಷ್ಟು ಪಲ್ಯ ಹಾಕಿದರು. ನಮ್ಮ ಹುಡುಗಿಯದು ತೀರುತ್ತಾ ಬಂತು, ದಿನಾ ಸಂಜೆ ಕಲಿಸುತ್ತೀರೆಂದು ಹೇಳಿದ್ದಾಳೆ ಎಂದರು. ಆಮೇಲೆ ಮೆಲ್ಲಗೆ ಕೇಳಿದರು.

"ಆ ಮುದಲಗಿ ಹುಡುಗೀದು ಹೆಂಗ್ ಮಾಡ್ತೀರಿ?"

ಸರ್ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನನಗೂ ಕುಟುಕಿದಂತಾಯಿತು. ಶಿವಲೀಲಾ ಬಿಟ್ಟದ್ದನ್ನು ಅಮ್ಮನಿಗೆ ಹಿಂದೆಯೇ ಹೇಳಿದ್ದೆ, ಆದರೆ ಸಂಜೆಯ ಕಲಿಕೆ ಸಿಕ್ಕ ಖುಷಿಯಲ್ಲಿ ನಾನು ಆ ವಾರ ಸರ್ ಮುಂದೆ ಅವಳ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಪರೀಕ್ಷೆಗೆ ಇನ್ನೂ ಕೆಲವು ವಾರ ಇದ್ದವು. ಸಹಿ ಹಾಕದಿದ್ದರೆ ಅವಳ ಒಂದು ವರ್ಷ ಹೋಗುತ್ತಿತ್ತು, ಹೋದರೆ ಅವಳು ಮತ್ತೆ ಕಾಲೇಜಿನ ಕಡೆ ಮುಖ ಹಾಕುವವಳಲ್ಲ.

ಉಂಡು ಕೈ ತೊಳೆದು ಸರ್ ಕಾರಿನ ಬಾಗಿಲು ತೆರೆದರು. ಮನೆ ತೋರಿಸಲು ನಾನು ಮುಂದೆ ಕೂತೆ. ಕರೆಯದೆಯೇ ಅಮ್ಮ ಹಿಂದೆ ಹತ್ತಿ ಕೂತರು. ದಾರಿಯುದ್ದಕ್ಕೂ ಎರಡೂ ಬದಿ ಕಬ್ಬು, ಗೋವಿನಜೋಳ. ಸರ್ ಸ್ಟಿಯರಿಂಗ್ ಹಿಡಿದ ಕೈಯ ಬೊಬ್ಬೆಗಳನ್ನು ನೋಡಿಕೊಂಡು, ಶಿವಲೀಲಾ ಅವರ ಹೊಲದಲ್ಲಿ ಏನಿದೆ, ಕಬ್ಬು ಇಲ್ಲ ತಾನೇ ಎಂದು ನನ್ನನ್ನು ಕೇಳಿದರು. ನಗು ತಡೆದುಕೊಂಡು, ಅವರಿಗೆ ಹೊಲವೇ ಇಲ್ಲ ಸರ್, ಕೂಲಿಗೆ ಹೋಗುತ್ತಾರೆ ಎಂದೆ. ಸರ್ ರಸ್ತೆ ನೋಡುತ್ತಲೇ, ಹೊಲ ಇಲ್ಲದವರ ಮುಯ್ಯಿ ಹೇಗೆ ತೀರಿಸುವುದು ಎಂದು ಯಾರನ್ನೂ ಕೇಳದವರಂತೆ ಕೇಳಿದರು. ಉತ್ತರ ಹಿಂದಿನ ಸೀಟಿನಿಂದ ಬಂತು.

"ಹೊಲಾ ಇದ್ದವ್ರಿಗೆ ಮುಯ್ಯಿರಿ ಸಾಹೇಬ್ರ. ಇಲ್ಲದವ್ರಿಗೆ ಪಗಾರ."

ಶಿವಲೀಲಾಳ ಮನೆ ಮುದಲಗಿಯ ಅಂಚಿನಲ್ಲಿತ್ತು. ಅವಳು ಆಗಷ್ಟೇ ಕೆಲಸದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ನಮ್ಮನ್ನು ಕಂಡು ತಂಬಿಗೆ ಕೆಳಗಿಟ್ಟು ನೆಟ್ಟಗೆ ನಿಂತಳು. ಅವಳ ತಾಯಿ ಚಾಪೆ ಹಾಸಿದಳು. ಸರ್ ಚಾಪೆಯ ಮೇಲೆ ಕೂರುವ ಮೊದಲೇ ಮಾತು ತೆಗೆದರು, ಕೂತರೆ ಮಾತು ಹೊರಡಲಿಕ್ಕಿಲ್ಲ ಎಂಬ ಅಂಜಿಕೆ ಅವರಿಗೆ ಇದ್ದಿರಬೇಕು.

"ನೀ ಮಾಡಿದ ಕೆಲಸ ನನ್ನ ಮ್ಯಾಲ ಐತವಾ. ಹಿಂದಿಂದೂ ಕೊಡ್ತೇನಿ, ಇನ್ನ ಮುಂದಿಂದೂ ಕೊಡ್ತೇನಿ. ಪರೀಕ್ಷಾಕ್ಕ ಏನ್ ಬೇಕು ಅದನ್ನೆಲ್ಲಾ ಕಲಸ್ತೇನಿ."

ಅವಳು ಸರ್ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಶಿವಲೀಲಾ ಅಂಥವಳಲ್ಲ. ನನ್ನ ಕಡೆ ಬೆರಳು ತೋರಿಸಿ ಕೇಳಿದಳು.

"ಶಬಾನಾಗೂ ಪಗಾರ ಕೊಡ್ತೀರೇನ್ರಿ?"

ಸರ್ ಕಾರಿನಲ್ಲಿ ಅಷ್ಟು ಲೆಕ್ಕ ಹಾಕಿರಲಿಲ್ಲ ಎಂದು ಅವರ ಮುಖ ಹೇಳುತ್ತಿತ್ತು. ಅಮ್ಮ ಸೆರಗು ಸರಿಮಾಡಿಕೊಂಡರು. ಇಬ್ಬರಿಗೂ ಎಂದರು ಸರ್. ನಾಳೆಯಿಂದಲೇ ಬಾ ಎಂದರು.

"ನಾಳಿ ಆಗಂಗಿಲ್ರಿ ಸರ್. ಗೋಂಜೋಳ ಮುರಿಯಾಕ ಬರ್ತೇನಂತ ಒಪ್ಪೇನಿ, ಅವ್ರು ನನ್ನ ನಂಬ್ಯಾರ. ನಾಡದ ಬರ್ತೇನಿ."

ಸರ್ ಬೊಬ್ಬೆಯ ಎರಡೂ ಕೈ ಜೋಡಿಸಿ, ನಾಡದು ಬಾರವಾ ಎಂದರು. ನಮ್ಮಂಥ ಹುಡುಗಿಯರಿಗೆ ಅವರು ಕೈ ಜೋಡಿಸಿದ್ದನ್ನು ನಾನು ನೋಡಿದ್ದು ಆವತ್ತೊಂದೇ ಸಲ. ಹೂಂ ಅನ್ನಿರಿ ಎಂದು ಕಲಿಸಿದ್ದ ಕಾಲೇಜಿನವರು ಅಲ್ಲಿ ಇರಬೇಕಿತ್ತು ಅನಿಸಿತು.

ಹೇಳಿದ ದಿನ ಅವಳು ಬಂದಳು. ಪರೀಕ್ಷೆಯಲ್ಲಿ ನನಗಿಂತ ಹೆಚ್ಚು ಅಂಕವನ್ನೂ ತೆಗೆದುಕೊಂಡಳು, ಅದಕ್ಕೆ ನಾನು ಒಂದು ವಾರ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅಮ್ಮನಿಗೆ ಇಬ್ಬರೂ ಪಾಸಾದೆವೆಂದು ಹೇಳಿದಾಗ ಅವರು ಕೇಳಿದ್ದು ಒಂದೇ, ಮುಂದಿನ ವರ್ಷ ಆ ಲ್ಯಾಬಿಗೆ ಹೋಗುವ ಹುಡುಗಿಯರು ಯಾರ ಮನೆಯವರು, ಹೊಲ ಇದ್ದವರೋ ಇಲ್ಲದವರೋ ಎಂದು.